ಪದ ಬೇಕು: ತಾನೇ ಬಿಟ್ಟು ಬಂದವರ ನೋವಿಗೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಹಾಡುಗಾರ್ತಿ ಜೋನಿ ಮಿಚೆಲ್ ಅವರ ‘ಬ್ಲೂ’ ಆಲ್ಬಮ್ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪದಕ್ಕಾಗಿ ತಡಕಾಡುತ್ತಿದ್ದೇನೆ, ನಿಮ್ಮ ನೆರವು ಬೇಕು.

1971ರ ಜೂನ್‌ನಲ್ಲಿ ಬಂದ ಆಲ್ಬಮ್ ಇದು. ಜೋನಿ ಕೆನಡಾದವರು. ಲಾಸ್ ಏಂಜಲೀಸ್‌ನಲ್ಲಿ ಹಾಡುಗಾರ ಗ್ರಹಾಂ ನ್ಯಾಶ್ ಜೊತೆ ಒಂದೇ ಮನೆಯಲ್ಲಿದ್ದರು. 1970ರಲ್ಲಿ ಜೋನಿ ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ಹೊರಟುಬಿಟ್ಟರು. ತೊಡೆಯ ಮೇಲಿಟ್ಟುಕೊಂಡು ನುಡಿಸುವ ಡಲ್ಸಿಮರ್ ಅನ್ನೋ ತಂತಿವಾದ್ಯ ಜೊತೆಗಿತ್ತು, ಆಲ್ಬಮ್‌ನ ಹಲವು ಹಾಡುಗಳಲ್ಲಿ ಅದು ಕೇಳಿಸುತ್ತದೆ. ಇಬ್ಬರ ಸಂಬಂಧ ಮುಗಿಯಿತು ಅಂತ ನ್ಯಾಶ್‌ಗೆ ಗೊತ್ತಾಗಿದ್ದು ಅಲ್ಲಿಂದ ಬಂದ ಟೆಲಿಗ್ರಾಂನಿಂದ: ಮರಳನ್ನು ತುಂಬ ಬಿಗಿಯಾಗಿ ಹಿಡಿದರೆ ಬೆರಳ ಸಂದಿಯಿಂದ ಸೋರಿ ಹೋಗುತ್ತದೆ ಅಂತ ಅದರಲ್ಲಿತ್ತು. ಅಂದರೆ ಬಿಟ್ಟು ಹೋದವರು ಜೋನಿಯೇ. ಆದರೂ ಹಾಡುಗಳ ತುಂಬ ಸಂಕಟ.

‘ರಿವರ್’ ಹಾಡನ್ನೇ ಕೇಳಿ. ಪಿಯಾನೋದಲ್ಲಿ ‘ಜಿಂಗಲ್ ಬೆಲ್ಸ್’ ಮಟ್ಟು ಶುರುವಾಗುತ್ತದೆ, ಹಬ್ಬದ ಸಡಗರ ಮಾತ್ರ ಅದರಲ್ಲಿಲ್ಲ. ಕ್ರಿಸ್‌ಮಸ್ ಹತ್ತಿರ ಬಂದಿದೆ, ತಾನಿರುವ ಕಡೆ ಹಿಮವಿಲ್ಲ. ಹೆಪ್ಪುಗಟ್ಟಿದ ಒಂದು ಹೊಳೆ ಇದ್ದಿದ್ದರೆ ಅದರ ಮೇಲೆ ಜಾರಿಕೊಂಡು ದೂರ ಹೋಗಿಬಿಡುತ್ತಿದ್ದೆ ಅನ್ನುತ್ತಾರೆ. ಅವನನ್ನು ಅಳಿಸಿದ್ದು ನಾನೇ, ನಾನು ಸ್ವಾರ್ಥಿ ಅಂತಲೂ ಹೇಳಿಕೊಳ್ಳುತ್ತಾರೆ. ಯಾರ ಮೇಲೂ ದೂರಿಲ್ಲ. ನನಗೆ ಪದ ಬೇಕಿರುವುದು ಈ ನೋವಿಗೆ.

ಮೊದಲು ಹೊಳೆದದ್ದು ‘ವಿರಹ’. ಆದರೆ ವಿರಹದಲ್ಲಿ ಕಾಯುವುದಿದೆ, ಮತ್ತೆ ಕೂಡುವ ಆಸೆ ಇದೆ. ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಅಂತ ಅಕ್ಕಮಹಾದೇವಿ ಗಿಳಿ, ಕೋಗಿಲೆಗಳನ್ನು ಕೇಳುತ್ತಾರಲ್ಲ, ಅದು ವಿರಹ. ‘ಅಗಲಿಕೆ’ ಒಳ್ಳೆಯ ಪದವೇ, ಈಗ ಅದು ಜಾಸ್ತಿ ಕಾಣುವುದು ತೀರಿಕೊಂಡವರ ಸುದ್ದಿಯಲ್ಲಿ. ‘ಬೇರೆಯಾದರು’ ಅಂದರೆ ಅಣ್ಣತಮ್ಮಂದಿರು ಪಾಲು ಮಾಡಿಕೊಂಡರು ಅಂತಲೂ ಆಗುತ್ತದೆ. ‘ಸೋಡಚೀಟಿ’ ಮದುವೆಯಾದವರಿಗೆ. ‘ಕೈ ಕೊಟ್ಟಳು’ ಅನ್ನುವುದಂತೂ ಬೇಡವೇ ಬೇಡ. ಹಾಗಂದ ಕೂಡಲೇ ಬಿಟ್ಟು ಹೋದವಳು ಮೋಸಗಾತಿ ಅಂತ ಆಗಿಹೋಗುತ್ತದೆ, ಅವಳೂ ಅತ್ತಿರಬಹುದು ಅನ್ನುವುದಕ್ಕೆ ಎಡೆಯೇ ಇಲ್ಲ. ‘ಬ್ರೇಕಪ್’ ಎಲ್ಲರಿಗೂ ಗೊತ್ತು. ಆದದ್ದನ್ನು ಹೇಳಲು ಸಾಕು, ಆಮೇಲೆ ಉಳಿಯುವ ನೋವಿಗೆ ಸಾಲದು.

ಆಲ್ಬಮ್ ಹೆಸರನ್ನು ‘ನೀಲಿ’ ಮಾಡಲು ಮನಸ್ಸಿಲ್ಲ. ಇಂಗ್ಲಿಷ್‌ನಲ್ಲಿ ‘ಬ್ಲೂ’ ಅಂದರೆ ದುಃಖ ಅಂತಲೂ ಆಗುತ್ತದೆ. ದುಃಖವಾದರೆ ನಮ್ಮಲ್ಲಿ ಮುಖ ಕಪ್ಪಿಡುತ್ತದೆ, ಬಾಡುತ್ತದೆ. ನೀಲಿ ಏನಿದ್ದರೂ ಬಾನಿಗೆ, ಕಡಲಿಗೆ. ಹಾಗಾಗಿ ‘ಬ್ಲೂ’ ಅಂತಲೇ ಬಿಡುತ್ತೇನೆ.

ಸದ್ಯಕ್ಕೆ ನನ್ನ ಒಲವು ‘ಹಳಹಳಿ’ಯ ಕಡೆಗೆ. ಕೈಯಾರೆ ಕಳೆದುಕೊಂಡದ್ದನ್ನು ನೆನೆದು ಒಳಗೊಳಗೇ ಮರುಗುವುದು ಅದರಲ್ಲಿದೆ ಅನ್ನಿಸುತ್ತದೆ. ‘ಪಶ್ಚಾತ್ತಾಪ’ ಅಂದರೆ ತಪ್ಪಾಯಿತು, ತಿದ್ದಿಕೊಳ್ಳುತ್ತೇನೆ ಅನ್ನುವ ಧ್ವನಿ ಬಂದುಬಿಡುತ್ತದೆ. ಈ ಹಾಡಿನಲ್ಲಿ ವಾಪಸ್ ಹೋಗುವ ಮಾತೇ ಇಲ್ಲ, ಅಲ್ವಾ? ತೊಡಕು ಇಷ್ಟೇ: ವಿಮರ್ಶೆಯಲ್ಲಿ ‘ಹಳಹಳಿಕೆ’ ಹಳೆಯ ಕಾಲಕ್ಕಾಗಿ ಹಂಬಲಿಸುವುದು ಅನ್ನುವ ಅರ್ಥದಲ್ಲಿ ಬಳಕೆಗೆ ಬಂದುಬಿಟ್ಟಿದೆ. ಓದುವವರು ಊರು, ಬಾಲ್ಯ ಅಂದುಕೊಂಡಾರು.

ಉತ್ತರ ಕರ್ನಾಟಕದವರು ಹೇಳಿ: ನಿಮ್ಮ ಮನೆಮಾತಿನಲ್ಲಿ ದೂರವಾದ ಒಬ್ಬ ಮನುಷ್ಯನನ್ನು ನೆನೆದು ‘ಹಳಹಳಿ’ ಪಡುವುದುಂಟಾ? ಇಲ್ಲಾ ಕೈತಪ್ಪಿದ ಹೊಲ, ಕೆಲಸ, ಅವಕಾಶಗಳಿಗೆ ಮಾತ್ರವಾ? ಕರಾವಳಿ, ಮಲೆನಾಡು, ಮೈಸೂರು ಕಡೆ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ. ಸುಮ್ನೆ ಪದ ಮಾತ್ರ ಬೇಡ, ಮನೆಯಲ್ಲಿ ಆಡುವ ಒಂದು ವಾಕ್ಯವನ್ನೂ ಜೊತೆಗೆ ಬರೆದರೆ ತುಂಬ ಉಪಕಾರ.