ಕಲ್ಲಿನಂಥ ಥೈರಾಯ್ಡ್ ಗಡ್ಡೆ, ಎಫ್‌ಎನ್‌ಎಸಿ (ಸೂಜಿಯಿಂದ ಜೀವಕೋಶ ತೆಗೆದು ನೋಡುವ ಪರೀಕ್ಷೆ) ಎರಡು ಸಲವೂ ಖಾಲಿ: ರೀಡೆಲ್ (ಥೈರಾಯ್ಡ್ ನಾರುಗಟ್ಟಿ ಸುತ್ತಲಿನ ಭಾಗಕ್ಕೂ ಹಬ್ಬುವ ಅಪರೂಪದ ರೋಗ) ಇರಬಹುದೇ?

ಪ್ರಶ್ನೆ (ಕೋಥ್ರೂಡ್, ಪುಣೆ)
ರೋಗಿ ಹೆಂಗಸು, 51 ವರ್ಷ. ಗಡ್ಡೆ ಕಲ್ಲಿನಷ್ಟು ಗಟ್ಟಿ, ನೋವಿಲ್ಲ, ನುಂಗಿದರೂ ಅಲುಗುವುದಿಲ್ಲ. ಮೂರು ತಿಂಗಳಿಂದ ದನಿ ಒಡೆದಿದೆ. ಟಿಎಸ್‌ಎಚ್ 9 (ಹೆಚ್ಚು, ಅಂದರೆ ಥೈರಾಯ್ಡ್ ಕೆಲಸ ಕುಗ್ಗಿದೆ), ಆಂಟಿ-ಟಿಪಿಒ (ಥೈರಾಯ್ಡ್ ವಿರುದ್ಧದ ಪ್ರತಿಕಾಯ) ಪಾಸಿಟಿವ್. ಗಡ್ಡೆ ಕ್ಯಾರೋಟಿಡ್ ರಕ್ತನಾಳವನ್ನು ಸುತ್ತಿಕೊಂಡಿದೆ, ಅನಾಪ್ಲಾಸ್ಟಿಕ್ ಕ್ಯಾನ್ಸರ್ (ಬಹು ಬೇಗ ಬೆಳೆಯುವ ಥೈರಾಯ್ಡ್ ಕ್ಯಾನ್ಸರ್) ಶಂಕೆ ಎಂದು ಸಿಟಿ ವರದಿ. ಎಫ್‌ಎನ್‌ಎಸಿ ಎರಡು ಸಲವೂ 'ಸಾಲದು'. ಪೂರ್ತಿ ಥೈರಾಯ್ಡ್ ತೆಗೆಯುವುದು ಸರಿಯೇ?

ಉತ್ತರ 1 (ಪರೇಲ್, ಮುಂಬೈ)
ಈಗಲೇ ಬೇಡ. ನಾರುಗಟ್ಟಿದ ಗಡ್ಡೆಯಿಂದ ಸೂಜಿಗೆ ಜೀವಕೋಶ ಬರುವುದಿಲ್ಲ, ಮೂರನೇ ಸಲವೂ ಅದೇ ಪಾಡು. ಇಸ್ತ್‌ಮಸ್‌ನಿಂದ (ಥೈರಾಯ್ಡ್‌ನ ಎರಡು ಹೋಳುಗಳನ್ನು ಜೋಡಿಸುವ ನಡುಭಾಗ) ಓಪನ್ ಬಯಾಪ್ಸಿ (ಕೊಯ್ದು ತುಂಡು ತೆಗೆಯುವುದು) ಮಾಡಿಸಿ, ಅಂಟಿಕೊಂಡ ಸ್ನಾಯುವೂ ತುಂಡಿನಲ್ಲಿ ಬರಲಿ. ನಾರು ಕವಚ ದಾಟಿ ಸ್ನಾಯುವಿಗೆ ಹೊಕ್ಕಿದೆಯೇ ಎಂಬುದೇ ರೀಡೆಲ್‌ನ ಮುಖ್ಯ ಗುರುತು. ಹಶಿಮೊಟೊದ (ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ದಾಳಿ ಮಾಡುವ ರೋಗ) ನಾರು ಕವಚದೊಳಗೇ ಉಳಿಯುತ್ತದೆ. ಎಲ್ಲವನ್ನೂ ಫಾರ್ಮಲಿನ್‌ಗೆ (ತುಂಡು ಕೆಡದಂತೆ ಇಡುವ ದ್ರಾವಣ) ಹಾಕಬೇಡಿ: ಟಿಬಿ ಕಲ್ಚರ್‌ಗೂ ಲಿಂಫೋಮಾದ (ಲಿಂಫ್ ಕೋಶಗಳ ಕ್ಯಾನ್ಸರ್) ಫ್ಲೋ ಪರೀಕ್ಷೆಗೂ (ಕೋಶಗಳನ್ನು ಬಗೆಬಗೆಯಾಗಿ ಎಣಿಸುವುದು) ಹಸಿ ತುಂಡು ಬೇಕು.

ರೀಡೆಲ್‌ನ ಸುಳಿವಿಗೆ ಸ್ಲೈಡಿನಲ್ಲಿ ಪ್ಲಾಸ್ಮಾ ಕೋಶ, ಇಯೊಸಿನೋಫಿಲ್ (ಎರಡೂ ಬಿಳಿ ರಕ್ತಕಣದ ಬಗೆಗಳು), ಉರಿಯೂತದಿಂದ ಮುಚ್ಚಿದ ಸಿರೆ ಹುಡುಕಬೇಕು. ಎಲಾಸ್ಟಿಕ್ ಸ್ಟೇನ್ (ರಕ್ತನಾಳದ ಗೋಡೆ ತೋರಿಸುವ ಬಣ್ಣ) ಹಾಕಿದರೆ ನಾರಿನ ನಡುವೆ ಅಡಗಿದ ಸಿರೆಯ ಗೋಡೆ ಕಪ್ಪು ಉಂಗುರವಾಗಿ ಕಾಣುತ್ತದೆ. ಮೋಸ ಮಾಡುವುದು ಜೀವಕೋಶ ವಿರಳವಾಗಿರುವ ಅನಾಪ್ಲಾಸ್ಟಿಕ್ ಕ್ಯಾನ್ಸರ್. ಅದೂ ಬರೀ ನಾರಿನಂತೆಯೇ ಕಾಣುತ್ತದೆ. ಕ್ಯಾನ್ಸರ್ ಕೋಶ ಪತ್ತೆಗೆ ಸೈಟೊಕೆರಾಟಿನ್, ಪಿಎಎಕ್ಸ್8, ಪಿ53 ಎಂಬ ಪ್ರೋಟೀನ್‌ಗಳ ಸ್ಟೇನ್ ಹಾಕಿಸಿ. ಸೈಟೊಕೆರಾಟಿನ್ ನೆಗೆಟಿವ್ ಬಂದ ಮಾತ್ರಕ್ಕೆ ನಿರಾಳವಾಗಬೇಡಿ. ನೆಕ್ರೋಸಿಸ್ (ಸತ್ತ ಅಂಗಾಂಶ) ಕಂಡರೆ ಕ್ಯಾನ್ಸರ್ ಎಂದೇ ಶಂಕಿಸಿ.

ಪ್ರಶ್ನೆ ಕೇಳಿದವರು
ಉಸಿರು ಕಟ್ಟುತ್ತಿದೆ. ಸ್ಟೆರಾಯ್ಡ್ ಈಗಲೇ ಶುರು ಮಾಡಬಹುದೇ?

ಉತ್ತರ 2 (ಪಣಜಿ)
ಉಸಿರು ಕಟ್ಟುತ್ತಿದ್ದರೆ ಇವತ್ತೇ ಆಸ್ಪತ್ರೆಗೆ ಸೇರಿಸಿ. ಇಸ್ತ್‌ಮಸ್ ಕತ್ತರಿಸಿದರೆ ಶ್ವಾಸನಾಳದ ಒತ್ತಡ ಇಳಿಯುತ್ತದೆ, ಅದೇ ತುಂಡು ಬಯಾಪ್ಸಿಗೂ ಆಗುತ್ತದೆ. ಆದರೆ ತುಂಡು ತೆಗೆಯುವ ಮೊದಲು ಸ್ಟೆರಾಯ್ಡ್ ಕೊಟ್ಟರೆ ಲಿಂಫೋಮಾ ಕರಗಿ ಬಯಾಪ್ಸಿ ಏನೂ ಹೇಳದಂತಾಗಬಹುದು. ಟಿಬಿಯನ್ನೂ ಮೊದಲೇ ತಳ್ಳಿಹಾಕಬೇಕು, ನಮ್ಮಲ್ಲಿ ಇದನ್ನು ಬಿಡುವಂತಿಲ್ಲ.

ರೀಡೆಲ್ ಎಂದು ಖಚಿತವಾದರೆ ಪ್ರೆಡ್ನಿಸೋಲೋನ್ (ಸ್ಟೆರಾಯ್ಡ್). ಹಿಡಿತಕ್ಕೆ ಬಾರದಿದ್ದರೆ ಟಾಮೊಕ್ಸಿಫೆನ್ ಅಥವಾ ರಿಟುಕ್ಸಿಮ್ಯಾಬ್ (ರಕ್ಷಣಾ ಕೋಶಗಳನ್ನು ತಗ್ಗಿಸುವ ಔಷಧ). ರಿಟುಕ್ಸಿಮ್ಯಾಬ್‌ಗೆ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ. ಪೂರ್ತಿ ಥೈರಾಯ್ಡ್ ತೆಗೆಯಲು ಹೋದರೆ ನಾರಿನಲ್ಲಿ ಅಂಗಗಳ ಎಲ್ಲೆಯೇ ಸಿಗದೆ ದನಿಯ ನರಕ್ಕೂ ಪ್ಯಾರಾಥೈರಾಯ್ಡ್‌ಗೂ (ಕ್ಯಾಲ್ಸಿಯಂ ಹತೋಟಿಯ ಪುಟ್ಟ ಗ್ರಂಥಿಗಳು) ಪೆಟ್ಟು. ಈಗಲೇ ಕ್ಯಾಲ್ಸಿಯಂ, ಪಿಟಿಎಚ್ (ಆ ಗ್ರಂಥಿಗಳ ಹಾರ್ಮೋನ್) ನೋಡಿ, ನಾರು ಅವನ್ನೂ ನುಂಗಿರಬಹುದು. ರಕ್ತದ ಐಜಿಜಿ4 (ರೀಡೆಲ್‌ಗೆ ನಂಟಿರುವ ಪ್ರತಿಕಾಯ) ನಾರ್ಮಲ್ ಇದ್ದರೂ ರೀಡೆಲ್ ಅಲ್ಲ ಎನ್ನಲಾಗದು. ಹೊಟ್ಟೆಯ ಸಿಟಿ ಮಾಡಿಸಿ: ಮೂತ್ರನಾಳದ ಸುತ್ತ, ಪಿತ್ತನಾಳದಲ್ಲಿ, ಮೇದೋಜೀರಕದಲ್ಲಿ ಇದೇ ನಾರು ಇರಬಹುದು.

ಉತ್ತರ 3 (ಮಾಟುಂಗಾ, ಮುಂಬೈ)
ಎರಡನೇ ಅಭಿಪ್ರಾಯಕ್ಕೆ ಬರೀ ಸ್ಲೈಡ್ ಒಯ್ಯಬೇಡಿ, ಪ್ಯಾರಾಫಿನ್ ಬ್ಲಾಕನ್ನೂ (ಮೇಣದಲ್ಲಿ ಹುದುಗಿಸಿಟ್ಟ ಬಯಾಪ್ಸಿ ತುಂಡು) ಕೇಳಿ ಪಡೆಯಿರಿ. ಬ್ಲಾಕ್ ಇಲ್ಲದೆ ಹೊಸ ಸ್ಟೇನ್ ಹಾಕಲಾಗದು.