‘ಹಳೇಮನೆ ಬಳಗ’ದಲ್ಲಿ ಮೇಲಕ್ಕೆ ಹರಿದ ನೀರು

ರಮೇಶ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಕರೆಂಟಿಲ್ಲದೆ ಸದಾ ತಿರುಗುವ ನೀರಿನ ಚಕ್ರವೊಂದು ನೆದರ್ಲ್ಯಾಂಡ್ಸ್‌ನ ಹೇಗ್ ನಗರದ ಅರಮನೆಯಲ್ಲಿ ಪ್ರದರ್ಶನಕ್ಕಿದೆ. ಕೆಳಗೆ ಬಿದ್ದ ನೀರು ತಾನಾಗಿಯೇ ಮೇಲಕ್ಕೆ ಹರಿಯುತ್ತದೆ. ವಿಡಿಯೊ ನೋಡಿ, ಎಲ್ಲರಿಗೂ ಹಂಚಿ.

ರಮೇಶ: ನಾನು ಅಂದು ಹೇಳಿದಾಗ ಯಾರೂ ನಂಬಲಿಲ್ಲ.

ಸುಮಾ: ಮೂಲ ಯಾವುದು ರಮೇಶಣ್ಣ? ಚಕ್ರವನ್ನು ಮಾಡಿದವರು ಯಾರು? ಅಂದು ಹೇಳಿದ್ದು ಎಂದರೆ, ಕರೆಂಟೇ ಬೇಡದ ಪಂಪು ತೋಟಕ್ಕೆ ಬರುತ್ತದೆಂದು ನಮ್ಮ ಅಪ್ಪನಿಂದ ಮುಂಗಡ ಕೊಡಿಸಿದ ವಿಷಯವೇ?

ರಮೇಶ: ಚಿಕ್ಕಪ್ಪನೇ ಕೇಳಿದರು, ನಾನು ನಂಬರ್ ಕೊಟ್ಟೆ, ಅಷ್ಟೇ.

ದೊಡ್ಡಪ್ಪ: ಮೈ ಬಗ್ಗಿಸದೆ ನೀರು ಬರಬೇಕೆಂಬ ಆಸೆಯೇ ತಪ್ಪು. ನಮ್ಮ ತಂದೆಯವರು ಏತದಿಂದ ನೀರೆತ್ತಿ ಆ ತೋಟ ಮಾಡಿದರು.

ವಿದ್ಯಾ: ನಾನು ಕಳೆದ ತಿಂಗಳು ಮಕ್ಕಳೊಂದಿಗೆ ಅಲ್ಲಿಗೇ ಹೋಗಿದ್ದೆ. ಒಂದು ಕಾಲಕ್ಕೆ ರಾಜಮಾತೆ ಎಮ್ಮಾ ಅವರ ಚಳಿಗಾಲದ ಅರಮನೆಯಾಗಿದ್ದ ಆ ಕಟ್ಟಡದಲ್ಲಿ 2002ರಿಂದ ಎಶರ್ ಎಂಬ ಡಚ್ ಕಲಾವಿದರ ಚಿತ್ರಗಳಿವೆ. ಅಲ್ಲಿರುವುದು ಚಕ್ರವಲ್ಲ, ಚಕ್ರದ ಚಿತ್ರ. 1961ರ ‘ಜಲಪಾತ’ ಎಂಬ ಕಲ್ಲಚ್ಚು. ಇಂಗ್ಲೆಂಡಿನ ವೈದ್ಯ ಲಯೊನೆಲ್ ಪೆನ್ರೋಸ್ ಮತ್ತು ಗಣಿತಜ್ಞರಾದ ಅವರ ಮಗ ರೋಜರ್ 1958ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕಾಗದದ ಮೇಲೆ ಬರೆಯಬಹುದಾದರೂ ಕೈಯಲ್ಲಿ ಕಟ್ಟಲಾಗದ ತ್ರಿಕೋನವೊಂದಿತ್ತು. ಅಂಥ ಮೂರನ್ನು ಜೋಡಿಸಿ ಎಶರ್ ಈ ಕಾಲುವೆಯನ್ನು ಬರೆದರು. ತ್ರಿಕೋನದ ಯಾವುದೇ ಒಂದು ಮೂಲೆಯನ್ನು ಬೆರಳಿನಿಂದ ಮುಚ್ಚಿದರೆ ಉಳಿದದ್ದೆಲ್ಲ ಸರಿಯಾಗಿಯೇ ಕಾಣುತ್ತದೆ. ವಿಡಿಯೊದಲ್ಲಿ ಕಾಲುವೆಯನ್ನು ತುಂಡು ಮಾಡಿ ಹಿಂದೆ ಮುಂದೆ ಇಟ್ಟು, ತುದಿಗಳು ಕೂಡಿದಂತೆ ಕಾಣುವ ಒಂದೇ ಜಾಗದಿಂದ ತೆಗೆದಿರಬೇಕು. ಕ್ಯಾಮೆರಾ ಒಂದು ಗೇಣು ಸರಿದರೆ ಗುಟ್ಟು ಬಯಲಾಗುತ್ತದೆ.

ರಮೇಶ: ಅರಮನೆಯಲ್ಲಿದೆ ಎಂಬುದು ನಿಜವೇ ಆಯಿತಲ್ಲ.

ವಿದ್ಯಾ: (ಫೋಟೊ) ಇದು ಅವರದೇ 1938ರ ‘ಹಗಲು ಮತ್ತು ರಾತ್ರಿ’.

ಗಿರೀಶ: ಬಿಳಿ ಹಕ್ಕಿಗಳ ನಡುವಿನ ಜಾಗವೇ ಕಪ್ಪು ಹಕ್ಕಿಗಳಾಗಿರುವುದನ್ನು ನೋಡಿ ಅಜ್ಜಿಯ ಚುಕ್ಕಿ ರಂಗೋಲಿ ನೆನಪಾಯಿತು. ಗೆರೆ ಹೊರಟಲ್ಲಿಗೇ ಬಂದು ಸೇರದಿದ್ದರೆ ಅವರು ಎಲ್ಲವನ್ನೂ ಅಳಿಸಿ ಮತ್ತೆ ಹಾಕುತ್ತಿದ್ದರು. ದೀಪಾವಳಿಯ ದಿನ ಅದರ ಮೇಲೆ ಸೈಕಲ್ ಹತ್ತಿಸಿದವರು ಯಾರೆಂದು ನಾನು ಇಲ್ಲಿ ಹೇಳುವುದಿಲ್ಲ.

ರಮೇಶ: ಆ ಸೈಕಲ್ ನನ್ನದಲ್ಲ.

ದೊಡ್ಡಪ್ಪ: ಗಣಿತ ಬಲ್ಲವರು ಜನರ ಕಣ್ಣಿಗೆ ಮಣ್ಣೆರಚಬಾರದು.

ವಿದ್ಯಾ: ದೊಡ್ಡಪ್ಪ, ಎಶರ್ ಗಣಿತವನ್ನು ಓದಿದವರೇ ಅಲ್ಲ, ಶಾಲೆಯಲ್ಲಿ ಅದು ಅವರಿಗೆ ಕಷ್ಟವಾಗಿತ್ತು. ಮೋಸವನ್ನೂ ಮಾಡಲಿಲ್ಲ. ಆವಿಯಾಗಿ ಹೋದ ನೀರಿನ ಬದಲಿಗೆ ಗಿರಣಿಯವನು ಆಗಾಗ ಒಂದು ಬಕೆಟ್ ನೀರು ಸುರಿದರೆ ಸಾಕೆಂದು ತಮ್ಮ ಚಿತ್ರವನ್ನು ತಾವೇ ತಮಾಷೆ ಮಾಡಿದ್ದರು.

ದೊಡ್ಡಪ್ಪ: ಆ ಬಕೆಟ್ ನೀರನ್ನು ಯಾರಾದರೂ ಸೇದಲೇಬೇಕಲ್ಲವೇ? ನಾನು ಹೇಳಿದ್ದೂ ಅದನ್ನೇ.

ಸುಮಾ: ಮುಂಗಡದ ರಸೀದಿಯ ಫೋಟೊ ನನ್ನಲ್ಲಿದೆ, ಹಾಕಲೇ?

ರಮೇಶ: ಪಂಪಿನ ಮಾತನ್ನು ಮೊದಲು ಎತ್ತಿದವರು ಯಾರೆಂದು ಎಲ್ಲರೂ ಒಮ್ಮೆ ಮೇಲೆ ಹೋಗಿ ನೋಡಿ. ನಾನು ಕಳಿಸಿದ ಸಂದೇಶದಲ್ಲಿ ಪಂಪೂ ಇರಲಿಲ್ಲ, ಬಕೆಟ್ಟೂ ಇರಲಿಲ್ಲ.