ತೆಳು ಅಂಗಿ ತೊಟ್ಟರೂ ಭುಜ ಸುಡುತ್ತಿದೆ: ದಂಡೆಯ ಬಿಸಿಲಿಗೆ ಯಾವ ಬಟ್ಟೆ ಸರಿ?

ಹಿನ್ನೀರು ಗಾಳ (ಕಲಬುರಗಿ) · ಮೇ 6

ಎಲ್ಲರಿಗೂ ನಮಸ್ಕಾರ. ಬೇಸಿಗೆಯಲ್ಲಿ ನಮ್ಮ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಮಾತ್ರ. ಹಾಗಾಗಿ ವಾರದಲ್ಲಿ ಒಂದೆರಡು ದಿನ ಬುತ್ತಿ ಕಟ್ಟಿಕೊಂಡು ನೇರವಾಗಿ ಬೆಣ್ಣೆತೊರಾ ಜಲಾಶಯದ ಹಿನ್ನೀರಿಗೆ ಗಾಳ ಹಾಕಿ ಮೀನು ಹಿಡಿಯಲು ಹೋಗುತ್ತೇನೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೇ ಅಲ್ಲಿರುತ್ತೇನೆ. ದಂಡೆಯಲ್ಲಿ ಒಂದು ಮರವೂ ಇಲ್ಲ, ಬರೀ ಕಲ್ಲು ಮತ್ತು ಕರಿಮಣ್ಣು.

ತೊಂದರೆ ಇರುವುದು ಅಂಗಿಯಲ್ಲಿ. ಮೊದಲು ತೆಳುವಾದ ಬಿಳಿ ಹತ್ತಿ ಅಂಗಿ ತೊಡುತ್ತಿದ್ದೆ. ಬೆವರಿಗೆ ಒದ್ದೆಯಾಗಿ ಬೆನ್ನಿಗೆ ಅಂಟುತ್ತಿತ್ತು. ಹೋದ ತಿಂಗಳು ಕ್ರಿಕೆಟ್ ಆಡುವ ಹುಡುಗರು ತೊಡುವಂಥ ತುಂಬುತೋಳಿನ ಪಾಲಿಯೆಸ್ಟರ್ ಜರ್ಸಿ ಕೊಂಡೆ. ತೂಕವೇ ಇಲ್ಲದ ಬಟ್ಟೆ, ತಂಪಾಗಿರುತ್ತದೆ ಎಂದುಕೊಂಡಿದ್ದೆ. ಈಗ ಒಳಗೆ ಉರಿ ಇನ್ನೂ ಜಾಸ್ತಿ. ಅದಕ್ಕಿಂತ ಆಶ್ಚರ್ಯವೆಂದರೆ ಅಂಗಿ ಮುಚ್ಚಿದ್ದರೂ ಎರಡೂ ಭುಜಗಳ ಮೇಲೆ ಚರ್ಮ ಕೆಂಪಾಗಿ, ಮೂರನೆಯ ದಿನ ಸಿಪ್ಪೆ ಏಳುತ್ತದೆ. ಕುತ್ತಿಗೆ ಮತ್ತು ಹಿಂಗೈ ಕಪ್ಪಾಗಿವೆ. ಬಟ್ಟೆ ಇನ್ನೂ ದಪ್ಪಗಿರಬೇಕೇ? ದಪ್ಪ ತೊಟ್ಟರೆ 42 ಡಿಗ್ರಿಯಲ್ಲಿ ಕೂರುವುದು ಹೇಗೆ?

ಕಾರಂಜಾ ದಂಡೆ (ಭಾಲ್ಕಿ) · ಮೇ 6

ತಮ್ಮ, ದಪ್ಪದ ವಿಚಾರ ಆಮೇಲೆ. ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಕೊಡು. ಜರ್ಸಿಯ ಬಣ್ಣ ಯಾವುದು? ಭುಜದ ಹತ್ತಿರ ಬಿಗಿಯೋ ಸಡಿಲವೋ? ಒಗೆಯುವಾಗ ಸೋಪಿನ ಪುಡಿಯ ಜೊತೆ ಬೇರೆ ಏನಾದರೂ ಹಾಕುತ್ತೀರಾ? ಇತ್ತೀಚೆಗೆ ಯಾವುದಾದರೂ ಗುಳಿಗೆ ತೆಗೆದುಕೊಂಡೆಯಾ? ಡಾಕ್ಸಿಸೈಕ್ಲಿನ್‌ನಂಥ ಕೆಲವು ಔಷಧಿ ನುಂಗುತ್ತಿರುವಾಗ ಚರ್ಮ ಸ್ವಲ್ಪ ಬಿಸಿಲಿಗೇ ಸುಡುತ್ತದೆ. ಅದಕ್ಕಾಗಿ ಕೇಳಿದೆ.

ಜೊತೆಗೆ ಎರಡು ಪರೀಕ್ಷೆ ಮಾಡು. ಅಂಗಿಯೊಳಗೆ ಕೈ ತೂರಿಸಿ ಬಿಸಿಲಿಗೆ ಹಿಡಿದು ನೋಡು. ಆಮೇಲೆ ಒಣಗಿದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡು. ಹನಿ ಏನಾಯಿತೆಂದು ಹೇಳು.

ಹಿನ್ನೀರು ಗಾಳ · ಮೇ 7

ಅಣ್ಣ, ಗುಳಿಗೆ ಯಾವುದೂ ಇಲ್ಲ. ಜರ್ಸಿ ತಿಳಿ ಹಳದಿ, ಮೈಗೆ ಬಿಗಿ. ಒಗೆದ ಮೇಲೆ ಬಟ್ಟೆ ಮೆತ್ತಗಾಗಲೆಂದು ಸುವಾಸನೆಯ ದ್ರವದಲ್ಲಿ ಅದ್ದುತ್ತೇವೆ. ಮನೆಯ ಎಲ್ಲ ಬಟ್ಟೆಗೂ ಹಾಗೆಯೇ.

ಕೈ ತೂರಿಸಿ ನೋಡಿದೆ. ಸುಮ್ಮನೆ ಹಿಡಿದಾಗ ಬೆರಳು ಮಸುಕಾಗಿ ಕಂಡವು. ಭುಜದಲ್ಲಿ ಎಳೆದುಕೊಳ್ಳುವಷ್ಟೇ ಎಳೆದು ಹಿಡಿದಾಗ ಬಟ್ಟೆಯಲ್ಲಿ ಸೂಜಿಮೊನೆಯಷ್ಟು ತೂತುಗಳು ಸಾಲುಸಾಲಾಗಿ ಬಾಯಿ ತೆರೆದವು, ಅಂಗೈ ಮೇಲೆ ಬೆಳಕಿನ ಚುಕ್ಕೆಗಳು ಬಿದ್ದವು. ಹಳೆಯ ಬಿಳಿ ಅಂಗಿಗೆ ನೀರು ಚಿಮುಕಿಸಿ ನೋಡಿದರೆ ಉಂಗುರದ ಹರಳೂ ಕಾಣಿಸಿತು. ನೀರಿನ ಹನಿ ಜರ್ಸಿಯ ಮೇಲೆ ಜೋಳದ ಎಲೆಯ ಮೇಲಿನ ಇಬ್ಬನಿಯಂತೆ ಗುಂಡಗೆ ನಿಂತಿತು, ಇಳಿಯಲೇ ಇಲ್ಲ.

ಕಾರಂಜಾ ದಂಡೆ · ಮೇ 7

ಹಾಗಾದರೆ ರೋಗ ಎರಡು, ಬೇರೆ ಬೇರೆ. ಒಳಗಿನ ಉರಿಗೆ ಕಾರಣ ಒಗೆತ, ಭುಜ ಸುಡುವುದಕ್ಕೆ ಕಾರಣ ಬಿಗಿತ.

ಒಗೆತದ್ದು ಸುಲಭ. ಇಂಥ ಜರ್ಸಿಯ ಎಳೆಗಳು ಬೆವರನ್ನು ಹೀರಿ ಹೊರಮೈಗೆ ಹರಡುತ್ತವೆ. ಅಲ್ಲಿ ಅದು ಆರಿದಾಗಲೇ ಮೈಗೆ ತಂಪು. ಮೆತ್ತಗಾಗಿಸುವ ದ್ರವವು ಎಳೆಗಳ ಮೇಲೆ ಎಣ್ಣೆಯಂಥ ಪದರ ಬಿಡುತ್ತದೆ, ಬೆವರು ಒಳಗೇ ಉಳಿಯುತ್ತದೆ. ಆ ದ್ರವ ನಿಲ್ಲಿಸು. ಉಗುರುಬೆಚ್ಚನೆಯ ನೀರು ಮತ್ತು ಸೋಪಿನ ಪುಡಿಯಲ್ಲಿ ಮೂರು ನಾಲ್ಕು ಸಲ ಚೆನ್ನಾಗಿ ಒಗೆದು, ಪ್ರತಿ ಸಲವೂ ನೀರು ತಿಳಿಯಾಗುವ ತನಕ ಜಾಲಿಸು. ಹನಿ ಬಿಟ್ಟ ಕೂಡಲೇ ಹರಡಿದರೆ ಜರ್ಸಿ ಸರಿಹೋಯಿತು ಎಂದರ್ಥ.

ಭುಜದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮಗೆ ಸೆಖೆ ತರುವುದು ಬೇರೆ, ಚರ್ಮ ಸುಡುವುದು ಬೇರೆ. ಸುಡುವುದು ನೇರಳಾತೀತ ಕಿರಣ. ಅದಕ್ಕೆ ಬಿಸಿ ಇಲ್ಲ, ಕಣ್ಣಿಗೂ ಕಾಣುವುದಿಲ್ಲ. ನೀರಿನ ಮೇಲಿಂದ ತಂಗಾಳಿ ಬೀಸುತ್ತಿದ್ದರೂ ಸುಡುತ್ತಲೇ ಇರುತ್ತದೆ. ಬಟ್ಟೆ ಅದನ್ನು ಎಷ್ಟು ತಡೆಯುತ್ತದೆ ಎಂಬುದಕ್ಕೆ ಯುಪಿಎಫ್ ಎಂಬ ಅಳತೆ ಇದೆ. ಯುಪಿಎಫ್ 50 ಎಂದರೆ ಐವತ್ತರಲ್ಲಿ ಒಂದು ಪಾಲು, ಅಂದರೆ ನೂರಕ್ಕೆ ಎರಡು ಮಾತ್ರ ಒಳಗೆ ಬರುತ್ತದೆ. ತೆಳುವಾದ ಬಿಳಿ ಹತ್ತಿ ಅಂಗಿಗೆ ಆ ಅಳತೆ 10 ಕೂಡ ಮುಟ್ಟುವುದಿಲ್ಲ, ಒದ್ದೆಯಾದರೆ ಇನ್ನೂ ಇಳಿಯುತ್ತದೆ. ಪಾಲಿಯೆಸ್ಟರ್ ಎಳೆಗೆ ನೇರಳಾತೀತ ಕಿರಣವನ್ನು ಹೀರುವ ಗುಣ ಹುಟ್ಟಿನಿಂದಲೇ ಇದೆ. ಆದರೆ ಎಳೆ ಇರುವಲ್ಲಿ ಮಾತ್ರ ತಾನೇ? ತೂತಿನಲ್ಲಿ ಎಳೆ ಎಲ್ಲಿದೆ! ನಿನ್ನ ಅಂಗೈ ಮೇಲೆ ಬಿದ್ದ ಚುಕ್ಕೆಗಳೇ ಉತ್ತರ.

ಆದ್ದರಿಂದ ದಪ್ಪ ಬೇಡ. ಒತ್ತಾದ ನೇಯ್ಗೆ ಬೇಕು, ತಿಳಿ ಹಳದಿಗಿಂತ ಸ್ವಲ್ಪ ಗಾಢ ಬಣ್ಣ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಸಡಿಲವಿರಬೇಕು. ಸಡಿಲ ಅಂಗಿ ಹಿಗ್ಗುವುದಿಲ್ಲ, ಒಳಗೆ ಗಾಳಿಯೂ ಆಡುತ್ತದೆ. ಕೈ ತೂರಿಸಿ ನೋಡುವ ಪರೀಕ್ಷೆ ಸ್ಥೂಲವಾದದ್ದು, ಕಣ್ಣಿಗೆ ಕಾಣುವ ಬೆಳಕನ್ನಷ್ಟೇ ತೋರಿಸುತ್ತದೆ. ಆದರೂ ಅಂಗಡಿಯಲ್ಲಿ ಬಟ್ಟೆ ಆರಿಸುವಾಗ ನಾನು ಅದನ್ನು ಬಿಟ್ಟಿಲ್ಲ.

ಇನ್ನೊಂದು ಮಾತು. ಮೇ 9ರ ಆಸುಪಾಸಿನಲ್ಲಿ ಮಧ್ಯಾಹ್ನ 12:20ರ ಸುಮಾರಿಗೆ ಕಲಬುರಗಿಯಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಬೀಳುವುದಿಲ್ಲ. ಅಂದರೆ ಈ ವಾರ ಬಿಸಿಲು ನೇರ ಭುಜದ ಮೇಲೇ. ನಿನ್ನ ನೆರಳು ನಿನ್ನ ಎತ್ತರಕ್ಕಿಂತ ಗಿಡ್ಡವಿರುವ ತನಕ, ಈಗಿನ ಲೆಕ್ಕದಲ್ಲಿ ಸುಮಾರು ಮೂರೂವರೆಯವರೆಗೆ, ಅಂಗಿಯೊಂದನ್ನೇ ನಂಬಿ ಕೂರಬೇಡ. ಛತ್ರಿ ನೆಡು.

ಭೀಮಾ ಮಡುವು (ಶಹಾಪುರ) · ಮೇ 8

ಹಿರಿಯರ ಮಾತಿಗೆ ಒಂದು ತಕರಾರು ಇದೆ. ನಾನು ಹತ್ತಿ ಬೆಳೆಯುವವನು, ಹತ್ತಿಯನ್ನೇ ತೊಡುವವನು. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಗಾಳಿ ಒಣಗಾಳಿ. ಇಲ್ಲಿ ಒದ್ದೆ ಹತ್ತಿ ನಿಧಾನವಾಗಿ ಆರುತ್ತ ಎಷ್ಟೋ ಹೊತ್ತು ತಂಪು ಕೊಡುತ್ತದೆ. ಬೇಗ ಆರುವ ಜರ್ಸಿ ಆ ತಂಪನ್ನೂ ಬೇಗ ಮುಗಿಸಿಬಿಡುತ್ತದೆ. ಕರಾವಳಿಯವರಿಗೆ ಸರಿಹೊಂದುವ ಬಟ್ಟೆಯೇ ನಮಗೂ ಸರಿ ಎನ್ನಲಾಗದು. ನಮ್ಮ ಹಿರಿಯರು ಇದೇ ಬಿಸಿಲಿನಲ್ಲಿ ಹತ್ತಿ ಅಂಗಿ, ಹತ್ತಿ ರುಮಾಲಿನಲ್ಲೇ ಹೊಲ ಮಾಡಿದವರು.

ಕಾರಂಜಾ ದಂಡೆ · ಮೇ 8

ತಂಪಿನ ಮಾತು ನೂರಕ್ಕೆ ನೂರು ಸರಿ, ಒಪ್ಪುತ್ತೇನೆ. ಆದರೆ ಹಿರಿಯರ ರುಮಾಲಿನಲ್ಲಿ ಎಷ್ಟು ಸುತ್ತು ಎಂದು ನೆನಪಿಸಿಕೊಳ್ಳಿ. ಅಷ್ಟು ಪದರವಿದ್ದರೆ ತೆಳು ಹತ್ತಿಯೂ ಸಾಕು. ಒಂದೇ ಪದರದ ಒದ್ದೆ ಅಂಗಿ ಸಾಲದು. ಹಾಗಾಗಿ ನಾನು ಒದ್ದೆ ಹತ್ತಿ ಟವೆಲ್ಲನ್ನು ಕುತ್ತಿಗೆಗೆ ಎರಡು ಸುತ್ತು ಹಾಕುತ್ತೇನೆ, ಮೈಗೆ ಒತ್ತು ನೇಯ್ಗೆಯ ಅಂಗಿ. ತಂಪೂ ಸಿಗುತ್ತದೆ, ಮರೆಯೂ ಆಗುತ್ತದೆ.

ಸೂಜಿದಾರ (ಬೀದರ್) · ಮೇ 9

ನಾನು ಗಾಳ ಹಾಕುವವಳಲ್ಲ, ನಮ್ಮ ಮನೆಯವರು ಹಾಕುತ್ತಾರೆ. ಮೂವತ್ತು ವರ್ಷದಿಂದ ಹೊಲಿಯುತ್ತಿದ್ದೇನೆ. ಅವರಿಗೆಂದು ಮಾಡಿದ ಅಂಗಿಯ ಲೆಕ್ಕ ಹೇಳುತ್ತೇನೆ ತಮ್ಮ, ನಿಮ್ಮ ದರ್ಜಿಗೆ ತೋರಿಸಿ.

ಬಟ್ಟೆ ತೆಳುವಾದ ಟೆರಿಕಾಟ್ ಇರಲಿ, ಅಂದರೆ ಪಾಲಿಯೆಸ್ಟರ್ ಮತ್ತು ಹತ್ತಿ ಕೂಡಿದ್ದು. ಇಬ್ಬರ ಮಾತೂ ಅದರಲ್ಲಿ ಉಳಿಯುತ್ತದೆ. ನೀಲಿ ಅಥವಾ ಖಾಕಿ ಬಣ್ಣ ಸರಿ. ಸಾಮಾನ್ಯ ಅಂಗಿಗೆ ಹಿಡಿಯುವುದಕ್ಕಿಂತ ಕಾಲು ಮೀಟರ್ ಹೆಚ್ಚು ತನ್ನಿ. ಎದೆಯ ಅಳತೆಗೆ ಆರು ಇಂಚು ಸಡಿಲ ಬಿಡಿಸಿ. ಬಗಲಿಗೆ ಹಳೆಯ ಕಾಲದ ಕುರ್ತಾಗಳಲ್ಲಿರುವಂತೆ ಚೌಕಾಕಾರದ ತುಂಡು ಕೂಡಿಸಲು ಹೇಳಿ, ಇಲ್ಲದಿದ್ದರೆ ಗಾಳ ಬೀಸಲು ತೋಳೆತ್ತಿದಾಗಲೆಲ್ಲ ಭುಜದ ಮೇಲೆ ಬಟ್ಟೆ ಬಿಗಿಯುತ್ತದೆ. ಬೆನ್ನಿನ ಮೇಲ್ಭಾಗದ ಪಟ್ಟಿಯ ಕೆಳ ಅಂಚನ್ನು ಹೊಲಿಯದೆ ಬಿಟ್ಟು, ಅದರ ಅಡಿಯಲ್ಲಿ ಜಾಳಿಗೆ ಬಟ್ಟೆ ಕೊಟ್ಟರೆ ಮೇಲೆ ಮರೆ, ಒಳಗೆ ಗಾಳಿ. ಕಾಲರ್ ಎತ್ತಿ ನಿಲ್ಲಿಸಿದರೆ ಕಿವಿಯ ಕೆಳಗಿನ ತನಕ ಬರಬೇಕು. ತೋಳು ಎರಡು ಇಂಚು ಉದ್ದವಿರಲಿ, ತುದಿಯಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ಕಾಜಾ ಹಾಕಿಸಿ. ಹಿಂಗೈ ಅರ್ಧ ಮುಚ್ಚುತ್ತದೆ.

ಹತ್ತಿ ಬೆರೆತ ಬಟ್ಟೆಯಾದ್ದರಿಂದ ಕತ್ತರಿಸುವ ಮೊದಲು ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸಿ. ಇದನ್ನು ಮರೆಯಬೇಡಿ.

ಹಿನ್ನೀರು ಗಾಳ · ಮೇ 26

ಅಕ್ಕ, ಅಣ್ಣಂದಿರೇ, ಸುದ್ದಿ ಹೇಳುತ್ತೇನೆ. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ನಾಲ್ಕು ಅಂಗಡಿ ತಿರುಗಿ, ಪ್ರತಿ ಥಾನಿನ ಕೆಳಗೂ ಕೈ ಇಟ್ಟು ನೋಡಿ ನೀಲಿ ಟೆರಿಕಾಟ್ ತಂದೆ. ದರ್ಜಿ ಬಗಲಿನ ತುಂಡಿಗೆ ಮೊದಲು ಒಪ್ಪಲಿಲ್ಲ, ಅಕ್ಕ ಬರೆದದ್ದನ್ನು ಓದಿ ಹೇಳಿದ ಮೇಲೆ ಹೊಲಿದುಕೊಟ್ಟರು. ಮೂರು ಭಾನುವಾರ ಬರಬೇಕಿತ್ತು, ಎರಡಷ್ಟೇ ಸಿಕ್ಕವು. ಎರಡೂ ದಿನ ಭುಜ ಸುಟ್ಟಿಲ್ಲ. ಜರ್ಸಿಯೂ ನಾಲ್ಕನೆಯ ಒಗೆತಕ್ಕೆ ಹನಿ ಕುಡಿಯಿತು, ಈಗ ಸಂಜೆ ಹೊತ್ತಿಗೆ ಅದನ್ನೇ ತೊಡುತ್ತೇನೆ. ಶಹಾಪುರದ ಅಣ್ಣನ ಮಾತಿನಂತೆ ಕುತ್ತಿಗೆಗೆ ಒದ್ದೆ ಹತ್ತಿ ಟವೆಲ್ ಇದೆ.

ಒಂದು ಉಳಿದಿದೆ. ಹೆಬ್ಬೆರಳಿನ ಕಾಜಾ ಹಾಕಿಕೊಂಡರೆ ಗಾಳಕ್ಕೆ ಸಿಕ್ಕಿಸುವ ಹಿಟ್ಟಿನ ಉಂಡೆ ಕಟ್ಟುವಾಗ ತೋಳಿನ ತುದಿ ಕೊಳೆಯಾಗುತ್ತದೆ. ಬಿಚ್ಚಿದರೆ ಹಿಂಗೈ ಬಯಲು. ಸನ್‌ಸ್ಕ್ರೀನ್ ಹಚ್ಚಿದರೆ ಅದರ ವಾಸನೆ ಹಿಟ್ಟಿಗೆ ಹತ್ತಿ ಮೀನು ಮುಟ್ಟುವುದಿಲ್ಲವೇನೋ ಎಂಬ ಅಳುಕು.

ಕಾರಂಜಾ ದಂಡೆ · ಮೇ 26

ಉಂಡೆಗಳನ್ನು ಮನೆಯಲ್ಲೇ ಕಟ್ಟಿಕೊಂಡು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ಯಿ. ಕ್ರೀಮನ್ನು ಅಂಗೈಗೆ ಹಾಕಿಕೊಳ್ಳಬೇಡ. ಒಂದು ಹಿಂಗೈ ಮೇಲೆ ಹಿಂಡಿ, ಇನ್ನೊಂದು ಹಿಂಗೈಯಿಂದ ಉಜ್ಜು. ಬೆರಳ ತುದಿ, ಅಂಗೈ ಎರಡೂ ಶುದ್ಧವಾಗಿ ಉಳಿಯುತ್ತವೆ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚು, ಕೈ ತೊಳೆದರೆ ಆಗಲೇ ಹಚ್ಚು.

ಹಿನ್ನೀರು ಗಾಳ · ಮೇ 31

ಇಂದು ಹಾಗೆಯೇ ಮಾಡಿದೆ. ಸಂಜೆ ಐದರ ಮೇಲೆ ಎರಡು ರೋಹು ಸಿಕ್ಕವು, ದೊಡ್ಡದು ಮೊಳಕೈ ಉದ್ದ. ಹಿಂಗೈ ಉರಿಯುತ್ತಿಲ್ಲ.